ನೆಸ್ಸಿಯ ರೇಷನ್ ಕಾರ್ಡ್

ನೀರಿನಲ್ಲಿ ಒಂದು ದೊಡ್ಡ ಪ್ರಾಣಿ ಇದೆಯೋ ಇಲ್ಲವೋ ಎಂದು ತಿಳಿಯಲು ಎರಡು ದಾರಿಗಳಿವೆ. ಒಂದು, ಕಂಡೆ ಎಂದವರನ್ನು ಕೇಳುವುದು. ಇನ್ನೊಂದು, ಆ ನೀರನ್ನೇ ಕೇಳುವುದು: ಇಷ್ಟು ದೊಡ್ಡ ಜೀವವನ್ನು ಸಾಕುವ ಶಕ್ತಿ ನಿನಗಿದೆಯಾ?

ಸ್ಕಾಟ್ಲೆಂಡಿನ ಲಾಕ್ ನೆಸ್ ಸರೋವರದ ಉದ್ದ ಕತ್ತಿನ ರಾಕ್ಷಸ ಪ್ರಾಣಿ 'ನೆಸ್ಸಿ'ಯ ವಿಷಯದಲ್ಲಿ ತೊಂಬತ್ತು ವರ್ಷಗಳಿಂದ ನಡೆದಿರುವುದು ಹೆಚ್ಚಾಗಿ ಮೊದಲನೆಯದು. ಕಂಡೆ, ಕಂಡೆ ಎಂದು ಹೇಳುವವರಿಗೆ ಕೊರತೆಯಿಲ್ಲ. ಅವರನ್ನೆಲ್ಲ ಸುಳ್ಳರು ಎನ್ನಲು ನನಗೆ ಮನಸ್ಸಿಲ್ಲ. ಬಹಳ ಜನ ಏನನ್ನೋ ಕಂಡಿದ್ದಾರೆ. ಆದರೆ ಎರಡನೇ ದಾರಿಯಲ್ಲಿ ನಡೆದರೆ ಮಜಾ ಜಾಸ್ತಿ. ಅಲ್ಲಿ ಫೋಟೋ, ಸಾಕ್ಷಿ, ವಾದ ಏನೂ ಬೇಡ. ಊಟದ ಲೆಕ್ಕ ಹಾಕಿದರೆ ಸಾಕು.

ಮೊದಲು ಸರೋವರ ಎಂಥದ್ದು ನೋಡೋಣ. ಲಾಕ್ ಅಂದರೆ ಅಲ್ಲಿಯ ಮಾತಿನಲ್ಲಿ ಸರೋವರ. ಬೀಗಕ್ಕೂ ಇದಕ್ಕೂ ನಂಟಿಲ್ಲ. ನಕ್ಷೆ ತೆರೆದರೆ ಸ್ಕಾಟ್ಲೆಂಡಿನ ಉತ್ತರ ಭಾಗವನ್ನು ಯಾರೋ ಚಾಕುವಿನಿಂದ ಓರೆಯಾಗಿ ಸೀಳಿದ ಹಾಗೆ ಒಂದು ಗೆರೆ ಕಾಣುತ್ತದೆ. ಅದು ಗ್ರೇಟ್ ಗ್ಲೆನ್ ಎಂಬ ಹಳೆಯ ಭೂಬಿರುಕು. ಹಿಮನದಿಗಳು ಆ ಬಿರುಕನ್ನು ಕೆರೆದು ಆಳ ಮಾಡಿದವು. ಆಮೇಲೆ ಅಲ್ಲಿ ನೀರು ನಿಂತಿತು. ಉದ್ದ ಸುಮಾರು 37 ಕಿಲೋಮೀಟರ್. ಅಗಲ ಒಂದೂವರೆ ಕಿಲೋಮೀಟರ್ ಆಸುಪಾಸು. ಆಳ ಮಾತ್ರ ಭಯ ಹುಟ್ಟಿಸುವಂಥದ್ದು, ಸುಮಾರು 230 ಮೀಟರ್. ನಮ್ಮ ಜೋಗದ ಎತ್ತರ 253 ಮೀಟರ್. ಜೋಗದ ಬಂಡೆಯನ್ನು ಎತ್ತಿ ಈ ಸರೋವರದೊಳಗೆ ನಿಲ್ಲಿಸಿದರೆ ತುದಿಯಷ್ಟೇ ಹೊರಗೆ ಕಾಣುತ್ತದೆ.

ನೀರಿನ ಲೆಕ್ಕವನ್ನು ಟಿಎಂಸಿಯಲ್ಲಿ ಹೇಳಿದರೇ ನಮ್ಮ ತಲೆಗೆ ಹೋಗುವುದು, ಅಲ್ವಾ? ಲಾಕ್ ನೆಸ್‌ನಲ್ಲಿರುವುದು ಸುಮಾರು 260 ಟಿಎಂಸಿ. ಕೆಆರ್‌ಎಸ್ ಭರ್ತಿಯಾದಾಗ 49 ಟಿಎಂಸಿ. ಐದು ಕೆಆರ್‌ಎಸ್ ತುಂಬಿಸಿ ಇನ್ನೂ ಉಳಿಯುವಷ್ಟು ನೀರು ಅದು. ಇಂಗ್ಲೆಂಡ್ ಮತ್ತು ವೇಲ್ಸ್‌ನ ಎಲ್ಲ ಸರೋವರಗಳ ನೀರನ್ನು ಒಟ್ಟು ಸೇರಿಸಿದರೂ ಇಷ್ಟಾಗುವುದಿಲ್ಲ. ಆದರೆ ಮೇಲ್ಮೈ ಬರೀ 56 ಚದರ ಕಿಲೋಮೀಟರ್, ಕೆಆರ್‌ಎಸ್ ಹಿನ್ನೀರಿನ ಅರ್ಧವೂ ಇಲ್ಲ. ಅಂದರೆ ಇದು ಅಗಲದ ಕೆರೆಯಲ್ಲ, ನೀರು ತುಂಬಿದ ಕಂದಕ.

ಈ ಅಂಕಿಗಳನ್ನು ಕೇಳಿದ ತಕ್ಷಣ ಯಾರಿಗಾದರೂ ಅನ್ನಿಸುವುದು ಒಂದೇ: ಇಷ್ಟು ನೀರಿನಲ್ಲಿ ಏನು ಬೇಕಾದರೂ ಅಡಗಿರಬಹುದು. ಅಡಗುವುದೇನೋ ಸರಿ. ಊಟ?

ಬರೀ ನೀರು ತುಂಬಿದ ಉಗ್ರಾಣ

ಲಾಕ್ ನೆಸ್ ನೀರಿನ ಬಣ್ಣ ಕಾಫಿ ಡಿಕಾಕ್ಷನ್‌ಗೆ ಸಿಕ್ಕಾಪಟ್ಟೆ ನೀರು ಬೆರೆಸಿದ ಹಾಗಿದೆ. ಸುತ್ತಲಿನ ಗುಡ್ಡಗಳಲ್ಲಿ ಅರೆಕೊಳೆತ ಗಿಡಗಂಟಿಗಳಿಂದಾದ ಪೀಟ್ ಎಂಬ ಕಪ್ಪು ಮಣ್ಣು ಇದೆ. ಮಳೆನೀರು ಅದರ ಮೂಲಕ ಬಸಿದು ಬರುತ್ತದೆ. ಹಾಗಾಗಿ ಕೆಲವೇ ಮೀಟರ್ ಕೆಳಗೆ ಇಳಿದರೆ ಬೆಳಕು ಸತ್ತುಹೋಗುತ್ತದೆ. ಬೆಳಕಿಲ್ಲದ ಕಡೆ ಪಾಚಿ ಬೆಳೆಯುವುದಿಲ್ಲ. ಪಾಚಿ ಇಲ್ಲದಿದ್ದರೆ ಅದನ್ನು ತಿನ್ನುವ ಕಣ್ಣಿಗೆ ಕಾಣದ ಹುಳುಗಳೂ ಕಡಿಮೆ. ಹುಳು ಕಡಿಮೆಯಾದರೆ ಮೀನು ಕಡಿಮೆ. ಜೊತೆಗೆ ನೀರಿನಲ್ಲಿ ಗೊಬ್ಬರದ ಅಂಶವೂ ಕಡಿಮೆ. ನಮ್ಮೂರಿನ ಹಸಿರು ಪಾಚಿ ಕಟ್ಟಿದ ಸಣ್ಣ ಕೆರೆಗೆ ಹೋಲಿಸಿದರೆ ಲಾಕ್ ನೆಸ್ ಒಂದು ಬಡ ಸರೋವರ.

ಎಷ್ಟು ಬಡ? 1990ರ ದಶಕದ ಆರಂಭದಲ್ಲಿ ಸಂಶೋಧಕರು, ನೀರೊಳಗಿನದನ್ನು ಪ್ರತಿಧ್ವನಿಯಿಂದ ಪತ್ತೆ ಹಚ್ಚುವ ಸೋನಾರ್ ಬಳಸಿ, ತೆರೆದ ನೀರಿನಲ್ಲಿರುವ ಮೀನನ್ನು ಅಂದಾಜು ಮಾಡಿದರು. ಒಟ್ಟು ತೂಕ ಸುಮಾರು 20 ಟನ್. ಇಡೀ ಸರೋವರಕ್ಕೆ! ಒಂದೆರಡು ಲಾರಿ ಲೋಡ್ ಅಷ್ಟೆ. ಸೀಸನ್‌ನಲ್ಲಿ ಮಲ್ಪೆ ಬಂದರಿಗೆ ಒಂದೇ ದಿನ ಇದಕ್ಕಿಂತ ಎಷ್ಟೋ ಹೆಚ್ಚು ಮೀನು ಇಳಿಯುತ್ತದೆ.

ಇನ್ನು ತಿನ್ನುವವರ ಲೆಕ್ಕ. ಇದು ನಮಗೆ ಹೊಸದಲ್ಲ. ನಾಗರಹೊಳೆಯಲ್ಲಿ ಹುಲಿಗಳನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದ ಉಲ್ಲಾಸ ಕಾರಂತರು ಹೇಳುವ ಲೆಕ್ಕ ಇದೆ. ಒಂದು ಹುಲಿ ವರ್ಷಕ್ಕೆ ಜಿಂಕೆಯಂಥ ಸುಮಾರು 50 ಪ್ರಾಣಿಗಳನ್ನು ತಿನ್ನುತ್ತದೆ. ಆದರೆ ಅದರ ಕಾಡಿನಲ್ಲಿ ಐವತ್ತೇ ಇದ್ದರೆ ಒಂದು ವರ್ಷಕ್ಕೆ ಕಾಡು ಖಾಲಿ. ಸುಮಾರು 500 ಇರಬೇಕು. ಆಗ ಅಸಲು ಉಳಿದು ಬಡ್ಡಿಯಲ್ಲಿ ಹುಲಿ ಬದುಕುತ್ತದೆ. ಮೀನಿಗೂ ಅದನ್ನು ತಿನ್ನುವ ಪ್ರಾಣಿಗೂ ಇಂಥದ್ದೇ ಒಂದು ಒರಟು ಲೆಕ್ಕ ಹಾಕುತ್ತಾರೆ. ತಿನ್ನುವವರ ಒಟ್ಟು ತೂಕ ಊಟದ ತೂಕದ ಹತ್ತನೇ ಒಂದು ಭಾಗದಷ್ಟು ಇರಬಹುದು.

20 ಟನ್ ಮೀನಿಗೆ 2 ಟನ್ ಬೇಟೆಗಾರ. ನಮ್ಮ ಒಂದು ಹೆಣ್ಣಾನೆಯ ತೂಕವೂ ಇಲ್ಲ. ಇದು ಒಂದು ನೆಸ್ಸಿಯ ತೂಕ ಅಲ್ಲ, ಗಮನಿಸಿ. ಎಲ್ಲ ನೆಸ್ಸಿಗಳದ್ದೂ ಸೇರಿ ಇಷ್ಟು. ಅದರಲ್ಲೂ ದೊಡ್ಡ ಟ್ರೌಟ್ ಮೀನುಗಳು, ನೀರುನಾಯಿಗಳು, ನೀರುಕಾಗೆಗಳು, ಗಾಳ ಹಾಕಿ ಕೂತ ಮನುಷ್ಯರು ತಮ್ಮ ಪಾಲು ಮೊದಲೇ ಎತ್ತಿಕೊಂಡಿರುತ್ತಾರೆ.

ಎಲ್ಲ ನೆಸ್ಸಿಗಳೂ ಅಂದೆ. ಒಂದೇ ನೆಸ್ಸಿ ಇರಬಾರದೇಕೆ? ಇರಬಹುದಿತ್ತು, ಅದಕ್ಕೆ ಸಾವಿಲ್ಲದಿದ್ದರೆ. ಈ ಪ್ರಾಣಿಯ ಕಥೆಯನ್ನು 6ನೇ ಶತಮಾನದಿಂದ ಹೇಳುತ್ತಾರೆ. ಒಂದು ಪ್ರಾಣಿ 1,400 ವರ್ಷ ಬದುಕುವುದಿಲ್ಲ. ಅಪ್ಪ, ಅಮ್ಮ, ಮರಿ, ಮರಿಯ ಮರಿ ಬೇಕು. ರಕ್ತಸಂಬಂಧದೊಳಗೇ ಕೂಡಿ ವಂಶ ಕೆಡದೆ ಇರಬೇಕಾದರೆ ಹತ್ತಾರು ಪ್ರಾಣಿಗಳಿರುವ ಕುಟುಂಬ ಬೇಕು. ಸುಮ್ನೆ ಇಪ್ಪತ್ತು ಅಂತ ಇಟ್ಟುಕೊಳ್ಳೋಣ. 2 ಟನ್ನನ್ನು ಇಪ್ಪತ್ತರಲ್ಲಿ ಹಂಚಿದರೆ ತಲೆಗೆ 100 ಕಿಲೋ. ರಾಕ್ಷಸ ಅಂತ ಹುಡುಕಿಕೊಂಡು ಹೋದವರಿಗೆ ಸಿಗುವುದು ಚೆನ್ನಾಗಿ ಬೆಳೆದ ಹಂದಿಯಷ್ಟು ತೂಕದ ಒಂದು ಪ್ರಾಣಿ. ರೇಷನ್ ಕಾರ್ಡಿನಲ್ಲಿ ಬರೆದಿರುವುದೇ ಅಷ್ಟು.

ಇದಕ್ಕೆ ನಂಬುವವರ ಬಳಿ ಒಂದು ಉತ್ತರವಿದೆ. ಸಾಲ್ಮನ್ ಮೀನುಗಳು ಕಡಲಿನಿಂದ ನೆಸ್ ನದಿ ಹತ್ತಿ ಸರೋವರಕ್ಕೆ ಬರುತ್ತವಲ್ಲ, ನೆಸ್ಸಿ ಅದನ್ನು ತಿನ್ನಬಹುದು. ಅಥವಾ ನೆಸ್ಸಿಯೇ ಕಡಲಿನಲ್ಲಿದ್ದು ಆಗಾಗ ಸರೋವರಕ್ಕೆ ಬಂದುಹೋಗಬಹುದು. ಕೇಳಲು ಚೆನ್ನಾಗಿದೆ. ಆದರೆ ಆ ನದಿ ಚಿಕ್ಕದು, ಆಳವಿಲ್ಲ, ಮೇಲಾಗಿ ಇನ್ವರ್ನೆಸ್ ಪಟ್ಟಣದ ನಟ್ಟನಡುವೆ ಹರಿಯುತ್ತದೆ. ಪಕ್ಕದಲ್ಲಿರುವ ಕ್ಯಾಲೆಡೋನಿಯನ್ ಕಾಲುವೆಗೆ ಉದ್ದಕ್ಕೂ ಗೇಟುಗಳಿವೆ. ಸೀಲ್ ಎಂಬ ಕಡಲ ಪ್ರಾಣಿ ಒಮ್ಮೊಮ್ಮೆ ಈ ದಾರಿಯಲ್ಲಿ ಸರೋವರಕ್ಕೆ ಬರುವುದುಂಟು. 1985ರ ಸುಮಾರಿಗೆ ಬಂದ ಒಂದು ಸೀಲ್ ತಿಂಗಳುಗಟ್ಟಲೆ ಅಲ್ಲೇ ಇತ್ತು. ಅದು ಸೀಲ್ ಎಂದು ಜನರಿಗೆ ಗೊತ್ತಾಯಿತು, ಫೋಟೋ ಸಿಕ್ಕಿತು, ದಾಖಲೆಯೂ ಆಯಿತು. ಸೀಲ್ ಬಂದರೆ ಗೊತ್ತಾಗುವ ಊರಿನಲ್ಲಿ ಬಸ್ಸಿನಷ್ಟು ಉದ್ದದ ಪ್ರಾಣಿ ಬಂದರೆ ಗೊತ್ತಾಗುವುದಿಲ್ಲವೇ?

ಉಸಿರಿನ ಲೆಕ್ಕ

ನೆಸ್ಸಿ ಅಂದಾಗ ನಮ್ಮ ಕಣ್ಣ ಮುಂದೆ ಬರುವ ಚಿತ್ರ ಪ್ಲೀಸಿಯೊಸಾರ್‌ನದ್ದು. ಉದ್ದ ಕತ್ತು, ಪುಟ್ಟ ತಲೆ, ದೋಣಿಯ ಹುಟ್ಟಿನಂಥ ನಾಲ್ಕು ಕಾಲು. ಡೈನೋಸಾರ್‌ಗಳ ಕಾಲದಲ್ಲಿ ಕಡಲಿನಲ್ಲಿ ಈಜುತ್ತಿದ್ದ ಸರೀಸೃಪ. 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ಅಳಿದುಹೋಯಿತು. ಅದರ ಒಂದು ಕವಲು ಮಾತ್ರ ಲಾಕ್ ನೆಸ್‌ನಲ್ಲಿ ಉಳಿದಿದೆ ಎನ್ನುವುದು ವಾದ.

ಈ ವಾದಕ್ಕೆ ಮೊದಲ ಏಟು ಹಿಮದ್ದು. ಸುಮಾರು 10,000 ವರ್ಷಗಳ ಹಿಂದಿನವರೆಗೂ ಇವತ್ತು ಸರೋವರ ಇರುವ ಜಾಗ ಹಿಮಯುಗದ ಹಿಡಿತದಲ್ಲಿತ್ತು. ಹಿಮಯುಗದ ಉತ್ತುಂಗದಲ್ಲಿ ಅಲ್ಲಿದ್ದದ್ದು ನೂರಾರು ಮೀಟರ್ ದಪ್ಪದ ಮಂಜುಗಡ್ಡೆ. ಡೈನೋಸಾರ್ ಕಾಲದಿಂದ ಅಲ್ಲೇ ಅಡಗಿ ಕೂತಿರಲು ಆಗ ಸರೋವರವೇ ಇರಲಿಲ್ಲ. ಮಂಜು ಕರಗಿದ ಮೇಲೆ ಕಡಲಿನಿಂದ ಬಂದಿರಬೇಕು ಎಂದರೆ, ಅಲ್ಲಿಯವರೆಗೆ ಆರು ಕೋಟಿ ವರ್ಷ ಕಡಲಿನಲ್ಲಿ ಒಂದು ಎಲುಬನ್ನೂ ಬಿಡದೆ ಬದುಕಿರಬೇಕು.

ಎರಡನೆಯದು ಚಳಿ. ಲಾಕ್ ನೆಸ್‌ನ ಆಳದ ನೀರು ವರ್ಷವಿಡೀ 5-6 ಡಿಗ್ರಿ. ನಮ್ಮ ಫ್ರಿಜ್ಜಿನ ಒಳಗಿನಷ್ಟು. ಮೊಸಳೆಯಂಥ ತಣ್ಣನೆ ರಕ್ತದ ಪ್ರಾಣಿ ಅಲ್ಲಿ ಮರಗಟ್ಟಿ ಹೋಗುತ್ತದೆ. ಇಲ್ಲ, ಪ್ಲೀಸಿಯೊಸಾರ್‌ಗಳು ಬಿಸಿ ರಕ್ತದವು ಇದ್ದಿರಬಹುದು ಎಂದು ಕೆಲವು ವಿಜ್ಞಾನಿಗಳು ಹೇಳುತ್ತಾರಲ್ಲ? ಹೇಳುತ್ತಾರೆ, ಹಲ್ಲಿನ ಪಳೆಯುಳಿಕೆಗಳಿಂದ ಅದಕ್ಕೆ ಸುಳಿವೂ ಇದೆ. ಆದರೆ ಬಿಸಿ ರಕ್ತ ಅಂದರೆ ಒಳಗೆ ಒಲೆ ಉರಿಯುತ್ತಲೇ ಇರಬೇಕು, ಊಟ ಹಲವು ಪಟ್ಟು ಜಾಸ್ತಿ ಬೇಕು. ಮತ್ತೆ ಅದೇ 20 ಟನ್ ಮೀನಿನ ಮುಂದೆ ಬಂದು ನಿಂತೆವು. ಅತ್ತ ದರಿ, ಇತ್ತ ಪುಲಿ.

ಮೂರನೆಯದು ನನಗೆ ತುಂಬ ಇಷ್ಟವಾದ ಲೆಕ್ಕ. ಪ್ಲೀಸಿಯೊಸಾರ್‌ಗೆ ಕಿವಿರಿಲ್ಲ. ತಿಮಿಂಗಿಲದ ಹಾಗೆ, ಆಮೆಯ ಹಾಗೆ ಉಸಿರಾಡಲು ಮೇಲೆ ಬರಲೇಬೇಕು. ಅರ್ಧ ಗಂಟೆಗೊಮ್ಮೆ ಬರುತ್ತದೆ ಎಂದು ಉದಾರವಾಗಿ ಇಟ್ಟುಕೊಳ್ಳೋಣ. ಒಂದು ಪ್ರಾಣಿ ದಿನಕ್ಕೆ 48 ಸಲ ತಲೆ ಎತ್ತಬೇಕು. ಇಪ್ಪತ್ತು ಪ್ರಾಣಿ ಸೇರಿ 960 ಸಲ. ಇನ್ನೊಂದು ಕಡೆ, ನೆಸ್ಸಿ ಕಂಡಿತು ಎಂಬ ವರದಿಗಳನ್ನು ಸೇರಿಸಿಡುವ ಒಂದು ರಿಜಿಸ್ಟರ್ ಅಲ್ಲಿದೆ. ಅದರಲ್ಲಿ ಇದುವರೆಗಿನ ಒಟ್ಟು ವರದಿಗಳು 1,100ಕ್ಕಿಂತ ಸ್ವಲ್ಪ ಹೆಚ್ಚು. ನಿಜವಾಗಿ ಆ ಕುಟುಂಬ ಇದ್ದಿದ್ದರೆ ಹದಿನಾಲ್ಕು ಶತಮಾನಗಳ ವರದಿಯನ್ನು ಒಂದು ದಿನ, ಒಂದು ಬೆಳಗಿನ ಜಾವದಲ್ಲಿ ಮುಗಿಸಿಬಿಡುತ್ತಿತ್ತು. ದಡದ ಉದ್ದಕ್ಕೂ ಹೆದ್ದಾರಿ ಇದೆ, ಪ್ರವಾಸಿ ದೋಣಿಗಳಿವೆ, ಈಗಂತೂ ವೆಬ್‌ಕ್ಯಾಮ್ ಹಾಕಿಕೊಂಡು ಮನೆಯಲ್ಲೇ ಕೂತು ಕಾಯುವವರಿದ್ದಾರೆ.

ಕತ್ತಿನ ವಿಷಯ ಒಂದೇ ಮಾತಿನಲ್ಲಿ ಮುಗಿಸುತ್ತೇನೆ. ಪ್ಲೀಸಿಯೊಸಾರ್‌ನ ಕತ್ತಿನ ಎಲುಬುಗಳನ್ನು ಪರೀಕ್ಷಿಸಿದವರು, ಅದು ಹಂಸದ ಹಾಗೆ ಕತ್ತನ್ನು ನೀರಿನ ಮೇಲೆ ನೆಟ್ಟಗೆ ಎತ್ತಿ ಹಿಡಿಯಲು ಆಗುತ್ತಿರಲಿಲ್ಲ ಎನ್ನುತ್ತಾರೆ. ಎಲ್ಲ ಚಿತ್ರಗಳಲ್ಲೂ ನೆಸ್ಸಿ ಮಾಡುವುದು ಅದೊಂದೇ ಕೆಲಸ!

"ಸೀಲಕಾಂತ್ ಮೀನು ಸಿಗಲಿಲ್ಲವೇ?" ಎಂದು ಇಲ್ಲಿ ಒಬ್ಬರಾದರೂ ಕೇಳುತ್ತಾರೆ. ಸರಿಯಾದ ಪ್ರಶ್ನೆ. ಡೈನೋಸಾರ್‌ಗಳ ಜೊತೆಗೇ ಅಳಿಯಿತು ಎಂದುಕೊಂಡಿದ್ದ ಆ ಮೀನು 1938ರಲ್ಲಿ ದಕ್ಷಿಣ ಆಫ್ರಿಕಾದ ಕಡಲಿನಲ್ಲಿ ಬಲೆಗೆ ಬಿತ್ತು. ಆದರೆ ಅದು ಇದ್ದದ್ದು ಹಿಂದೂ ಮಹಾಸಾಗರದಲ್ಲಿ, ಉಸಿರಾಡಲು ಮೇಲೆ ಬರಬೇಕಾಗಿಲ್ಲದ ಮೀನಾಗಿ, ಆಳದ ಗುಹೆಗಳಲ್ಲಿ. ಹಾಗಿದ್ದೂ ಕೊನೆಗೆ ಒಂದು ದೇಹ ಸಿಕ್ಕಿತು. ಲಾಕ್ ನೆಸ್ 37 ಕಿಲೋಮೀಟರ್‌ನ ಕಂದಕ. ತೊಂಬತ್ತು ವರ್ಷ ಹುಡುಕಿಯೂ ಒಂದು ಎಲುಬಿಲ್ಲ. ಇಲ್ಲಿ ನಂಬುವವರ ಪರವಾಗಿ ಒಂದು ಮಾತು ಹೇಳಬೇಕು: ಆ ಸರೋವರದಲ್ಲಿ ಸತ್ತ ದೇಹ ತೇಲುವುದು ಕಷ್ಟ. ತಣ್ಣೀರಿನಲ್ಲಿ ಕೊಳೆಯುವುದು ನಿಧಾನ, ಗಾಳಿ ತುಂಬಿ ಉಬ್ಬುವುದಿಲ್ಲ, ತಳದಲ್ಲೇ ಉಳಿಯುತ್ತದೆ. ಹಾಗಾಗಿ ಹೆಣ ಸಿಕ್ಕಿಲ್ಲ ಎಂಬ ಒಂದೇ ಕಾರಣಕ್ಕೆ ನಾನು ತೀರ್ಪು ಕೊಡುವುದಿಲ್ಲ.

ಹಾಗಾದರೆ ಜನ ಕಂಡದ್ದು ಏನು?

ಈಗ ಮೊದಲ ದಾರಿಗೆ ಬರೋಣ. 6ನೇ ಶತಮಾನದ ಸಂತ ಕೊಲಂಬಾ ನೀರಿನ ಮೃಗವೊಂದನ್ನು ಶಿಲುಬೆಯ ಸನ್ನೆಯಿಂದ ಓಡಿಸಿದ ಎಂಬ ಕಥೆ ಇದೆ. ಅದನ್ನು ಬರೆದದ್ದು ಅವನು ಸತ್ತು ಸುಮಾರು ನೂರು ವರ್ಷವಾದ ಮೇಲೆ. ಕಥೆ ನಡೆಯುವುದೂ ಸರೋವರದಲ್ಲಿ ಅಲ್ಲ, ನೆಸ್ ನದಿಯಲ್ಲಿ. ಸಂತರ ಮಹಿಮೆ ಹೇಳುವ ಕಥೆಗಳಲ್ಲಿ ಇಂಥ ಮೃಗಗಳು ಬೇಕಾದಷ್ಟು. ಆಮೇಲೆ ಸ್ಕಾಟ್ಲೆಂಡಿನ ಜನಪದದಲ್ಲಿ ಇದ್ದದ್ದು ನೀರುಕುದುರೆ, ಮಕ್ಕಳನ್ನು ಬೆನ್ನ ಮೇಲೆ ಕೂರಿಸಿಕೊಂಡು ನೀರಿಗೆ ಎಳೆದೊಯ್ಯುವ ಮಾಯಾವಿ. ಉದ್ದ ಕತ್ತಿನ ಪ್ರಾಣಿ ಅಲ್ಲಿಲ್ಲ.

ಅದು ಬಂದದ್ದು 1933ರಲ್ಲಿ. ಆ ಹೊತ್ತಿಗೆ ಸರೋವರದ ಪಕ್ಕದ ರಸ್ತೆ ಹೊಸದಾಗಿ ಸುಧಾರಣೆಯಾಗಿತ್ತು, ಕಾರಿನವರು ಬರತೊಡಗಿದ್ದರು. 1933ರ ಮೇ 2ರಂದು 'ಇನ್ವರ್ನೆಸ್ ಕುರಿಯರ್' ಪತ್ರಿಕೆ ಒಂದು ವರದಿ ಹಾಕಿತು. ದಂಪತಿ ಒಬ್ಬರು ನೀರಿನಲ್ಲಿ ಉರುಳಾಡುವ ದೊಡ್ಡ ಪ್ರಾಣಿ ಕಂಡರಂತೆ. ಅದಕ್ಕೆ 'ಮಾನ್ಸ್‌ಟರ್' ಎಂಬ ಹೆಸರು ಅಂಟಿತು. ಬೇಸಿಗೆಯಲ್ಲಿ ಜಾರ್ಜ್ ಸ್ಪೈಸರ್ ಎಂಬಾತ, ಉದ್ದ ಕತ್ತಿನ ಪ್ರಾಣಿಯೊಂದು ರಸ್ತೆ ದಾಟಿತು ಎಂದ. ಆ ವರ್ಷ ವಸಂತದಲ್ಲಿ ಲಂಡನ್‌ನಲ್ಲಿ ಬಿಡುಗಡೆಯಾಗಿದ್ದ ಸಿನಿಮಾ 'ಕಿಂಗ್ ಕಾಂಗ್'. ಅದರಲ್ಲಿ ಉದ್ದ ಕತ್ತಿನ ಡೈನೋಸಾರ್ ಒಂದು ನೀರಿನಿಂದ ಎದ್ದು ಬರುತ್ತದೆ. ಸ್ಪೈಸರ್ ಕಥೆಗೂ ಆ ದೃಶ್ಯಕ್ಕೂ ಇರುವ ಹೋಲಿಕೆಯನ್ನು ಬಹಳ ಜನ ತೋರಿಸಿದ್ದಾರೆ. ನನಗೂ ಅದು ಕಾಕತಾಳೀಯ ಅನ್ನಿಸುವುದಿಲ್ಲ.

ಮುಂದಿನದು ಪಕ್ಕಾ ನಾಟಕ. 'ಡೈಲಿ ಮೇಲ್' ಪತ್ರಿಕೆ ಮಾರ್ಮಡ್ಯೂಕ್ ವೆದರೆಲ್ ಎಂಬ ಬೇಟೆಗಾರನನ್ನು ಕಳಿಸಿತು. ಅವನಿಗೆ ದಡದಲ್ಲಿ ದೊಡ್ಡ ಹೆಜ್ಜೆ ಗುರುತುಗಳು ಸಿಕ್ಕವು. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನವರು ಪರೀಕ್ಷಿಸಿ, ಇದು ಹಿಪ್ಪೊ ಕಾಲಿನ ಗುರುತು ಎಂದರು. ಒಣಗಿಸಿ ಮನೆಯಲ್ಲಿ ಅಲಂಕಾರಕ್ಕೆ ಇಡುತ್ತಿದ್ದ ಹಿಪ್ಪೊ ಕಾಲನ್ನು ಯಾರೋ ಕೆಸರಿನಲ್ಲಿ ಒತ್ತಿದ್ದರು. ಎಲ್ಲ ಗುರುತುಗಳೂ ಒಂದೇ ಕಾಲಿನವು! ವೆದರೆಲ್‌ನ ಮಾನ ಹರಾಜಾಯಿತು.

1934ರ ಏಪ್ರಿಲ್ 21ರಂದು ಅದೇ ಪತ್ರಿಕೆಯಲ್ಲಿ ಒಂದು ಫೋಟೋ ಬಂತು. ನೀರಿನಿಂದ ಮೇಲೆದ್ದ ಕಪ್ಪು ಕತ್ತು, ಪುಟ್ಟ ತಲೆ. ಕೊಟ್ಟವರು ರಾಬರ್ಟ್ ಕೆನೆತ್ ವಿಲ್ಸನ್ ಎಂಬ ಲಂಡನ್ ವೈದ್ಯರು. ದೊಡ್ಡ ಡಾಕ್ಟರು ಸುಳ್ಳು ಹೇಳುತ್ತಾರೆಯೇ? 'ಸರ್ಜನ್ ಫೋಟೋ' ಎಂದೇ ಅದು ಲೋಕಪ್ರಸಿದ್ಧವಾಯಿತು. ಆ ಫೋಟೋವಿನ ಪೂರ್ತಿ ಚೌಕಟ್ಟು ನೋಡಿದರೆ ವಿಷಯವೇ ಬೇರೆ. ಸುತ್ತ ಬಹಳಷ್ಟು ನೀರು, ನಡುವೆ ಪುಟ್ಟ ವಸ್ತು, ಅದರ ಪಕ್ಕ ಸಣ್ಣ ಅಲೆಗಳು. ಅಂಚು ಕತ್ತರಿಸಿದಾಗ ಅಳತೆ ತಪ್ಪಿ, ಸಣ್ಣ ಅಲೆ ದೊಡ್ಡ ತೆರೆಯಾಯಿತು, ಗೇಣುದ್ದದ್ದು ಮಾರುದ್ದವಾಯಿತು. ವೆದರೆಲ್‌ನ ಮಲಮಗ ಕ್ರಿಶ್ಚಿಯನ್ ಸ್ಪರ್ಲಿಂಗ್ ಮುಪ್ಪಿನಲ್ಲಿ, 1993ರಲ್ಲಿ ಸಾಯುವ ಮೊದಲು, ಗುಟ್ಟು ಬಿಟ್ಟುಕೊಟ್ಟ. ಅದು ಅಂಗಡಿಯಿಂದ ತಂದ ಆಟಿಕೆ ಸಬ್‌ಮರೀನ್. ಮೇಲೆ ಅಂಟಿಸಿದ್ದು ತಾನೇ ಮಾಡಿದ ತಲೆ-ಕತ್ತು. ಎತ್ತರ ಒಂದು ಅಡಿ. ಪತ್ರಿಕೆಯ ಮೇಲಿನ ಸೇಡಿಗೆ ಮಾಡಿದ ಆಟ, ಅರವತ್ತು ವರ್ಷ ಓಡಿತು.

ಇದೆಲ್ಲ ಮೋಸ. ಆದರೆ ಮೋಸ ಮಾಡದ, ಲಾಭ ಬಯಸದ ನೂರಾರು ಜನರೂ ಏನೋ ಕಂಡೆವು ಎನ್ನುತ್ತಾರಲ್ಲ. ನನ್ನ ಕುತೂಹಲ ಅವರ ಮೇಲೆ. ಇದಕ್ಕೆ ಉತ್ತರ ಸರೋವರದ ಆಕಾರದಲ್ಲೇ ಇದೆ.

ಲಾಕ್ ನೆಸ್ ಉದ್ದಕ್ಕೆ, ನೆಟ್ಟಗೆ, ಎರಡೂ ಕಡೆ ಕಡಿದಾದ ದಡಗಳ ನಡುವೆ ಇದೆ. ಒಂದು ದೋಣಿ ಹೋದರೆ ಅದರ ಹಿಂದೆ ಎರಡು ಕಡೆಗೂ ಅಲೆ ಏಳುತ್ತದೆ. ಅಗಲ ಕಡಿಮೆಯಾದ್ದರಿಂದ ಆ ಅಲೆಗಳು ದಡಕ್ಕೆ ಬಡಿದು ವಾಪಸ್ ಬರುತ್ತವೆ. ನಡುವಿನಲ್ಲಿ ಬರುವ ಅಲೆ, ಹೋಗುವ ಅಲೆ ಒಂದಕ್ಕೊಂದು ಸಿಕ್ಕಿ ಎರಡು ಮೂರು ಕಪ್ಪು ಉಬ್ಬುಗಳಾಗಿ ಏಳುತ್ತವೆ. ಅಷ್ಟು ಹೊತ್ತಿಗೆ ದೋಣಿ ಕಣ್ಮರೆಯಾಗಿರುತ್ತದೆ. ಆಗಷ್ಟೇ ಕಾರು ನಿಲ್ಲಿಸಿ ಇಳಿದವರಿಗೆ ಕಾಣುವುದು ಇಷ್ಟು: ಕನ್ನಡಿಯಂಥ ನೀರು, ಗಾಳಿಯಿಲ್ಲ, ದೋಣಿಯಿಲ್ಲ, ನಡುವೆ ಚಲಿಸುವ ಮೂರು ಡುಬ್ಬ. ನಾನಾದರೂ ಬೆಚ್ಚಿಬೀಳುತ್ತಿದ್ದೆ.

ಇನ್ನೂ ವಿಚಿತ್ರ ಒಂದಿದೆ. ಬೇಸಿಗೆಯಲ್ಲಿ ಸರೋವರದ ಮೇಲಿನ ಪದರ ಬೆಚ್ಚಗೆ, ಕೆಳಗಿನದು ತಣ್ಣಗೆ. ಬೆಚ್ಚಗಿನದು ಹಗುರ, ಎಣ್ಣೆಯ ಹಾಗೆ ಮೇಲೆ ನಿಂತಿರುತ್ತದೆ. ಗಾಳಿ ಒಂದೇ ಕಡೆಗೆ ಬೀಸಿದರೆ ಮೇಲಿನ ನೀರೆಲ್ಲ ಒಂದು ತುದಿಯಲ್ಲಿ ರಾಶಿಯಾಗುತ್ತದೆ. ಗಾಳಿ ನಿಂತಾಗ ಅದು ತೊಟ್ಟಿಲಿನ ಹಾಗೆ ಹಿಂದಕ್ಕೆ ಮುಂದಕ್ಕೆ ತೂಗುತ್ತದೆ. ಮೇಲಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ, ಒಳಗೆ ಪದರದ ಗಡಿ ಹತ್ತಾರು ಮೀಟರ್ ಏರಿಳಿಯುತ್ತಿರುತ್ತದೆ. ಈ ತೂಗಾಟವನ್ನು ಇದೇ ಸರೋವರದಲ್ಲಿ ನೆಸ್ಸಿಗಿಂತ ಎಷ್ಟೋ ಮೊದಲು, 20ನೇ ಶತಮಾನದ ಆರಂಭದಲ್ಲೇ ಅಳೆದಿದ್ದರು. ಇದರ ಎಳೆತಕ್ಕೆ ಸಿಕ್ಕ ಮರದ ದಿಮ್ಮಿ ಗಾಳಿಗೆ ಎದುರಾಗಿ ಚಲಿಸಬಲ್ಲದು. ಗಾಳಿ ಅತ್ತ ಬೀಸುತ್ತಿದೆ, ಕಪ್ಪು ವಸ್ತು ಇತ್ತ ಬರುತ್ತಿದೆ. ಜೀವವಿಲ್ಲದ್ದು ಹಾಗೆ ಹೋಗುತ್ತದೆಯೇ ಎಂದು ನೋಡಿದವರು ಕೇಳಿದರೆ ತಪ್ಪೇನು?

ಇವುಗಳ ಜೊತೆಗೆ ಹಕ್ಕಿ, ಈಜುವ ಜಿಂಕೆ, ನೀರುನಾಯಿ. ತುಂಗಭದ್ರೆಯಲ್ಲಿ ನೀರುನಾಯಿಗಳು ಒಂದರ ಹಿಂದೆ ಒಂದು ಮುಳುಗೇಳುತ್ತ ಹೋಗುವುದನ್ನು ಕಂಡವರಿಗೆ ಹಲವು ಡುಬ್ಬದ ಪ್ರಾಣಿ ಹೇಗೆ ಹುಟ್ಟುತ್ತದೆ ಎಂದು ಹೇಳಿಕೊಡಬೇಕಾಗಿಲ್ಲ. ಹಾವಕ್ಕಿಯನ್ನೇ ನೋಡಿ. ಮೈಯೆಲ್ಲ ನೀರೊಳಗಿಟ್ಟು ಕತ್ತು ಮಾತ್ರ ಹೊರಗೆ ಹಾಕಿ ಈಜುತ್ತದೆ. ಹಾವೇ ತಲೆ ಎತ್ತಿದ ಹಾಗೆ ಕಾಣುವುದಕ್ಕೇ ಆ ಹೆಸರು. ಲಾಕ್ ನೆಸ್‌ನಲ್ಲಿ ಹಾವಕ್ಕಿ ಇಲ್ಲ, ಅದರ ನೆಂಟ ನೀರುಕಾಗೆ ಇದೆ. ಅದೂ ಮೈ ತಗ್ಗಿಸಿಯೇ ಈಜುತ್ತದೆ. ಬಯಲು ನೀರಿನಲ್ಲಿ ಅಳತೆಗೆ ಪಕ್ಕದಲ್ಲಿ ಮರವಿಲ್ಲ, ಮನೆಯಿಲ್ಲ. ನೂರು ಮೀಟರ್ ದೂರದ ಹಕ್ಕಿಯೋ, ಒಂದು ಕಿಲೋಮೀಟರ್ ದೂರದ ರಾಕ್ಷಸನೋ, ಕಣ್ಣಿಗೆ ಎರಡೂ ಒಂದೇ.

ಬಿಬಿಸಿಯವರು 2003ರಲ್ಲಿ ಇಲ್ಲಿ ಒಂದು ತುಂಟ ಪ್ರಯೋಗ ಮಾಡಿದರು. ನೀರಿನಲ್ಲಿ ಬೇಲಿ ಕಂಬವೊಂದನ್ನು ಅಡಗಿಸಿಟ್ಟು ಪ್ರವಾಸಿಗರ ಮುಂದೆ ಮೇಲೆತ್ತಿದರು. ಏನು ಕಂಡಿರಿ ಎಂದರೆ ಹೆಚ್ಚಿನವರು ಚೌಕಾಕಾರದ ವಸ್ತು ಎಂದರು. ಚಿತ್ರ ಬರೆಯಿರಿ ಎಂದಾಗ ಹಲವರ ಕಂಬಕ್ಕೆ ನೆಸ್ಸಿಯ ತಲೆ ಬಂದಿತ್ತು.

ಬಲೆ, ಸೋನಾರ್, ಒಂದು ಬಾಟಲಿ ನೀರು

ಹುಡುಕಾಟಗಳ ಪಟ್ಟಿ ಉದ್ದವಿದೆ, ಎರಡು ಮೂರು ಸಾಕು. 1970ರ ದಶಕದಲ್ಲಿ ಅಮೆರಿಕದ ರಾಬರ್ಟ್ ರೈನ್ಸ್ ನೀರೊಳಗೆ ಕ್ಯಾಮೆರಾ ಇಳಿಸಿ ಈಜುರೆಕ್ಕೆಯಂಥ ಒಂದು ಫೋಟೋ ತೆಗೆದರು. ಅದರ ಆಧಾರದ ಮೇಲೆ ಹೆಸರಾಂತ ಪ್ರಕೃತಿತಜ್ಞ ಸರ್ ಪೀಟರ್ ಸ್ಕಾಟ್ ಮತ್ತು ಅವರು ಸೇರಿ 1975ರಲ್ಲಿ 'ನೇಚರ್' ಎಂಬ ವಿಜ್ಞಾನ ಪತ್ರಿಕೆಯಲ್ಲಿ ಪ್ರಾಣಿಗೆ ವೈಜ್ಞಾನಿಕ ಹೆಸರನ್ನೇ ಇಟ್ಟರು: ನೆಸಿಟೆರಸ್ ರಾಂಬಾಪ್ಟೆರಿಕ್ಸ್. ಹೆಸರಿದ್ದರೆ ಕಾನೂನಿನ ರಕ್ಷಣೆ ಸಿಗುತ್ತದೆ ಎಂಬ ಆಸೆ. ಆದರೆ ಆ ಹೆಸರಿನ ಇಂಗ್ಲಿಷ್ ಅಕ್ಷರಗಳನ್ನು ಅದಲುಬದಲು ಮಾಡಿದರೆ 'ಸರ್ ಪೀಟರ್ ಎಸ್. ಮಾಡಿದ ಮಾನ್ಸ್‌ಟರ್ ಮೋಸ' ಎಂಬ ಅರ್ಥ ಬರುತ್ತದೆ ಎಂದು ಒಬ್ಬ ಎಂಪಿ ಕಂಡುಹಿಡಿದರು. ಬೇಕೆಂದು ಮಾಡಿದ್ದಲ್ಲ ಎಂದೇ ಕಾಣುತ್ತದೆ. ನಗು ಮಾತ್ರ ಇನ್ನೂ ನಿಂತಿಲ್ಲ.

1987ರಲ್ಲಿ 'ಆಪರೇಷನ್ ಡೀಪ್‌ಸ್ಕ್ಯಾನ್'. 24 ದೋಣಿಗಳು ಅಡ್ಡಸಾಲಾಗಿ ನಿಂತು, ಬಾಚಣಿಗೆ ಎಳೆದ ಹಾಗೆ, ಸೋನಾರ್ ಹಾಕುತ್ತ ಸಾಗಿದವು. ಸೋನಾರ್ ಅಂದರೆ ನೀರಿನಲ್ಲಿ ಕೂಗಿ ಪ್ರತಿಧ್ವನಿಗೆ ಕಿವಿಗೊಡುವುದು. ಮೂರು ಕಡೆ ದೊಡ್ಡ ಪ್ರತಿಧ್ವನಿ ಬಂತು, ಮತ್ತೆ ಹೋಗಿ ನೋಡಿದರೆ ಅಲ್ಲಿ ಏನೂ ಇಲ್ಲ. ಸೀಲ್ ಇರಬಹುದು, ಮೀನಿನ ಗುಂಪಿರಬಹುದು. ಮೀನಿನ ಹೊಟ್ಟೆಯಲ್ಲಿರುವ ಗಾಳಿಚೀಲ, ಬೆಚ್ಚಗಿನ-ತಣ್ಣಗಿನ ನೀರಿನ ಗಡಿ, ಕಡಿದಾದ ಗೋಡೆ, ಎಲ್ಲವೂ ಕೂಗಿಗೆ ಓಗೊಡುತ್ತವೆ. 2003ರಲ್ಲಿ ಬಿಬಿಸಿ 600 ಸೋನಾರ್ ಕಿರಣಗಳಿಂದ ಇಡೀ ಸರೋವರ ಜಾಲಾಡಿತು. ಸಿಕ್ಕಿದ್ದು ಶೂನ್ಯ.

ಪ್ರಾಣಿ ತಪ್ಪಿಸಿಕೊಂಡಿತು ಎನ್ನಬಹುದು. ಆದರೆ ಅದರ ಹೊಲಸು ತಪ್ಪಿಸಿಕೊಳ್ಳುವುದಿಲ್ಲ. 2018ರಲ್ಲಿ ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದ ನೀಲ್ ಗೆಮೆಲ್ ತಂಡ ಹಿಡಿದದ್ದು ಈ ದಾರಿ. ಯಾವುದೇ ಜೀವಿ ನೀರಿನಲ್ಲಿದ್ದರೆ ಚರ್ಮ, ಹುರುಪೆ, ಲೋಳೆ, ಮಲಮೂತ್ರ ಬಿಡುತ್ತಲೇ ಇರುತ್ತದೆ. ಅದರಲ್ಲಿ ಅದರ ಡಿಎನ್‌ಎ ಇರುತ್ತದೆ. ಬೇರೆ ಬೇರೆ ಜಾಗ, ಬೇರೆ ಬೇರೆ ಆಳದಿಂದ ಸುಮಾರು 250 ಸ್ಯಾಂಪಲ್ ನೀರು ತೆಗೆದು ಸೋಸಿ, ಸಿಕ್ಕ ಡಿಎನ್‌ಎಯನ್ನು ಗೊತ್ತಿರುವ ಜೀವಿಗಳ ಪಟ್ಟಿಗೆ ತಾಳೆ ಹಾಕಿದರು. ಕಳ್ಳನನ್ನು ಹುಡುಕದೆ ಬೆರಳಚ್ಚು ಹುಡುಕಿದ ಹಾಗೆ.

2019ರಲ್ಲಿ ಫಲಿತಾಂಶ ಬಂತು. ಸುಮಾರು 3,000 ಜಾತಿಯ ಜೀವಿಗಳ ಗುರುತು ಇತ್ತು. ಮನುಷ್ಯ, ನಾಯಿ, ಕುರಿ, ಜಿಂಕೆ ಎಲ್ಲವೂ ಸಿಕ್ಕವು. ಹೆಚ್ಚಿನದು ಮಳೆನೀರಿನೊಂದಿಗೆ ದಡದಿಂದ ಹರಿದು ಬಂದದ್ದು. ಸರೀಸೃಪದ ಡಿಎನ್‌ಎ ಒಂದು ಚೂರೂ ಇರಲಿಲ್ಲ. ಶಾರ್ಕ್, ದೈತ್ಯ ಬೆಕ್ಕುಮೀನು, ಸ್ಟರ್ಜನ್ ಎಂಬ ದೊಡ್ಡ ಮೀನು ಕೂಡ ಇಲ್ಲ. ಯಾವುದಕ್ಕೂ ತಾಳೆಯಾಗದ ತುಣುಕುಗಳೂ ಇದ್ದವು. ನೆಸ್ಸಿ ಪಕ್ಷದವರು ಅದನ್ನು ಹಿಡಿದುಕೊಂಡರು. ಆದರೆ ಇಂಥ ಯಾವ ಪರೀಕ್ಷೆಯಲ್ಲೂ ಅಂಥ ತುಣುಕುಗಳು ಉಳಿಯುತ್ತವೆ, ಯಾಕೆಂದರೆ ಲೋಕದ ಎಲ್ಲ ಸೂಕ್ಷ್ಮಜೀವಿಗಳ ಪಟ್ಟಿ ಇನ್ನೂ ಯಾರ ಬಳಿಯೂ ಇಲ್ಲ.

ಒಂದು ಪ್ರಾಣಿ ಮಾತ್ರ ಎಲ್ಲ ಕಡೆಯೂ ಸಿಕ್ಕಿತು: ಹಾವುಮೀನು. ನೀರು ತೆಗೆದ ಹೆಚ್ಚುಕಡಿಮೆ ಪ್ರತಿ ಜಾಗದಲ್ಲೂ. ಹಾಗಾದರೆ ನೆಸ್ಸಿ ಅಂದರೆ ದೈತ್ಯ ಹಾವುಮೀನು ಇರಬಹುದಾ ಎಂದು ಪತ್ರಿಕೆಗಳು ಕುಣಿದವು. ಡಿಎನ್‌ಎ ಜಾತಿ ಹೇಳುತ್ತದೆ, ಗಾತ್ರ ಹೇಳುವುದಿಲ್ಲ. ಒಂದು ದೊಡ್ಡದೋ, ಸಾವಿರ ಸಣ್ಣವೋ, ಅದಕ್ಕೆ ಗೊತ್ತಿಲ್ಲ. ಹಾಗಾಗಿ ಗೆಮೆಲ್ ಕೂಡ ಸಾಧ್ಯವೇ ಇಲ್ಲ ಎನ್ನಲಿಲ್ಲ. ಆದರೆ 2023ರಲ್ಲಿ ಬಂದ ಒಂದು ಲೆಕ್ಕಾಚಾರ, ಹಿಂದೆ ಹಿಡಿದ ಹಾವುಮೀನುಗಳ ಅಳತೆಯಿಂದ ಅಂದಾಜು ಮಾಡಿ, ಅಲ್ಲಿ ಒಂದು ಮೀಟರ್ ಉದ್ದದ್ದು ಸಿಗುವ ಸಾಧ್ಯತೆ ಸುಮಾರು 50,000ಕ್ಕೆ ಒಂದು ಎಂದಿತು. ಆರು ಮೀಟರ್‌ನದ್ದಕ್ಕೆ ಸೊನ್ನೆ ಎಂದೇ ಹೇಳಬೇಕು. ಜೊತೆಗೆ ಹಾವುಮೀನು ಹಾವಿನ ಹಾಗೆ ಅತ್ತಿತ್ತ ಬಳುಕುತ್ತದೆ, ಮೇಲೆ ಕೆಳಗೆ ಅಲ್ಲ. ಡುಬ್ಬ ತೋರಿಸುವುದು ಅದರ ಮೈಗೆ ಒಗ್ಗದ ಕೆಲಸ.

ಇಷ್ಟಾಗಿಯೂ ಜನ ಹೋಗುತ್ತಾರೆ. 2023ರ ಆಗಸ್ಟ್‌ನಲ್ಲಿ ಮತ್ತೆ ನೂರಾರು ಜನ ಸೇರಿ, ಡ್ರೋನ್, ನೀರೊಳಗಿನ ಮೈಕ್ ಎಲ್ಲ ಇಟ್ಟುಕೊಂಡು ಹುಡುಕಿದರು. ಹೋಟೆಲು, ದೋಣಿ, ಗೊಂಬೆ ಅಂಗಡಿ ಎಲ್ಲಕ್ಕೂ ವ್ಯಾಪಾರ. ಆ ಬಡ ಸರೋವರ ಒಂದು ನೆಸ್ಸಿಯನ್ನು ಸಾಕಲಾರದು, ನೆಸ್ಸಿ ಮಾತ್ರ ಒಂದು ಊರನ್ನೇ ಸಾಕುತ್ತಿದೆ.

ಹಾಗಂತ ಸರೋವರದ ತಳದಲ್ಲಿ ನೆಸ್ಸಿ ಸಿಕ್ಕೇ ಇಲ್ಲ ಎನ್ನುವ ಹಾಗಿಲ್ಲ. 2016ರಲ್ಲಿ ಮುನಿನ್ ಎಂಬ ನೀರೊಳಗಿನ ರೋಬೋ ತಳವನ್ನು ಅಳೆಯುತ್ತಿದ್ದಾಗ ಉದ್ದ ಕತ್ತಿನ, 9 ಮೀಟರ್ ಉದ್ದದ ಒಂದು ಆಕಾರ ಪರದೆಯ ಮೇಲೆ ಮೂಡಿತು. ನಿರ್ದೇಶಕ ಬಿಲ್ಲಿ ವೈಲ್ಡರ್ ತಮ್ಮ ಶೆರ್ಲಾಕ್ ಹೋಮ್ಸ್ ಸಿನಿಮಾಗೆ 1969ರಲ್ಲಿ ಮಾಡಿಸಿದ್ದ ನೆಸ್ಸಿ ಅದು. ಬೆನ್ನಿನ ಡುಬ್ಬಗಳು ಅವರಿಗೆ ಇಷ್ಟವಾಗಲಿಲ್ಲವಂತೆ, ತೆಗೆಸಿದರು. ಅದನ್ನು ತೇಲಿಸುತ್ತಿದ್ದದ್ದೇ ಆ ಡುಬ್ಬಗಳು. ಎಳೆದುಕೊಂಡು ಹೋಗುವಾಗ ಮುಳುಗಿಹೋಯಿತು. ಅವತ್ತಿನಿಂದ ಕತ್ತಲ ತಳದಲ್ಲಿ ಮಲಗಿದೆ. ಒಂದು ಮೀನನ್ನೂ ಕೇಳಿಲ್ಲ.